ಓದುಗರ ಪ್ರಶ್ನೋತ್ತರ: ಇಯರ್‌ಬಡ್‌ಗೆ ವೈರ್ ಚಾರ್ಜಿಂಗೋ, ವೈರ್‌ಲೆಸ್ಸೋ?

ಹೆಡ್‌ಫೋನ್ ಮತ್ತು ಇಯರ್‌ಬಡ್‌ಗಳನ್ನು ಕೇಬಲ್ ಹಾಕಿ ಚಾರ್ಜ್ ಮಾಡಬೇಕೋ, ವೈರ್‌ಲೆಸ್ ಚಾರ್ಜಿಂಗ್ ಪ್ಯಾಡ್ ಮೇಲೆ ಇಟ್ಟು ಮಾಡಬೇಕೋ ಎಂಬ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಅರ್ಥದವನ್ನು ಸೇರಿಸಿ ಒಂದಾಗಿಸಿದ್ದೇವೆ.

ಪ್ರಶ್ನೆ: ನಾನು ಕೊಳ್ಳಬೇಕೆಂದಿರುವ ಇಯರ್‌ಬಡ್ ಎರಡು ಬಗೆಯಲ್ಲಿ ಸಿಗುತ್ತಿದೆ. ಒಂದಕ್ಕೆ ಟೈಪ್-ಸಿ ಮಾತ್ರ. ಇನ್ನೊಂದಕ್ಕೆ ವೈರ್‌ಲೆಸ್ ಚಾರ್ಜಿಂಗ್ ಕೂಡ ಇದೆ, ಬೆಲೆ ಜಾಸ್ತಿ. ಜಾಸ್ತಿ ಕೊಟ್ಟರೆ ಉಪಯೋಗವಿದೆಯೇ?

ಪೆಟ್ಟಿಗೆಯ ಮೇಲೆ ‘ವೈರ್‌ಲೆಸ್ ಚಾರ್ಜಿಂಗ್’ ಎಂದು ಬರೆದಿದ್ದರೆ ಅದು ಕೇಸ್‌ಗೆ, ಅಂದರೆ ಬಡ್‌ಗಳನ್ನು ಇಡುವ ಡಬ್ಬಿಗೆ, ಸಂಬಂಧಿಸಿದ ಮಾತು. ಕಿವಿಗೆ ಹಾಕುವ ಬಡ್‌ಗಳು ಎರಡೂ ಬಗೆಯಲ್ಲಿ ಚಾರ್ಜ್ ಆಗುವುದು ಕೇಸ್‌ನೊಳಗಿನ ಪುಟ್ಟ ಲೋಹದ ಪಿನ್‌ಗಳಿಂದಲೇ. ಅಂದರೆ ನೀವು ಆರಿಸುತ್ತಿರುವುದು ಕೇಸ್‌ನ ಬ್ಯಾಟರಿಗೆ ಕರೆಂಟ್ ಯಾವ ದಾರಿಯಲ್ಲಿ ಬರಬೇಕು ಎಂಬುದನ್ನಷ್ಟೇ.

ಈ ಸೆಟ್‌ನಲ್ಲಿ ಮೊದಲು ಸೋಲುವ ಬ್ಯಾಟರಿ ಯಾವುದು? ಲೆಕ್ಕ ಹಾಕೋಣ. ಒಂದು ಬಡ್‌ನೊಳಗೆ ಸಾಮಾನ್ಯವಾಗಿ 30ರಿಂದ 60 ಎಂಎಎಚ್ (ಬ್ಯಾಟರಿ ಸಾಮರ್ಥ್ಯದ ಅಳತೆ) ಸೆಲ್ ಇರುತ್ತದೆ, ಕೇಸ್‌ನಲ್ಲಿ 300ರಿಂದ 700 ಎಂಎಎಚ್. ಐದು ಗಂಟೆ ಹಾಡುವ ಬಡ್ ಅನ್ನು ದಿನಕ್ಕೆ ನಾಲ್ಕು ಗಂಟೆ ಬಳಸುತ್ತೀರಿ ಎಂದುಕೊಳ್ಳಿ. ದಿನಕ್ಕೆ 0.8 ಸೈಕಲ್ (ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ತುಂಬುವಷ್ಟು ಬಳಕೆ ಒಂದು ಸೈಕಲ್), ವರ್ಷಕ್ಕೆ ಸುಮಾರು 290 ಸೈಕಲ್ ಬಡ್‌ನ ಲೆಕ್ಕಕ್ಕೆ ಸೇರುತ್ತದೆ. ಕೇಸ್ ಒಮ್ಮೆ ತುಂಬಿದರೆ ಬಡ್‌ಗಳನ್ನು ಮೂರು-ನಾಲ್ಕು ಸಲ ತುಂಬಿಸುವುದರಿಂದ ಅದರ ಪಾಲಿಗೆ ಬರುವುದು ವರ್ಷಕ್ಕೆ ಸುಮಾರು 75-100 ಸೈಕಲ್. ಇಂಥ ಲಿಥಿಯಂ-ಅಯಾನ್ ಸೆಲ್‌ಗಳು ಸಾಮಾನ್ಯವಾಗಿ 300ರಿಂದ 500 ಪೂರ್ಣ ಸೈಕಲ್ ಆದ ಮೇಲೆ ಮೂಲ ಸಾಮರ್ಥ್ಯದ ಶೇ 80ರ ಆಸುಪಾಸಿಗೆ ಇಳಿಯುತ್ತವೆ. ಬಡ್ ಎರಡನೇ ವರ್ಷದಲ್ಲೇ ಸುಸ್ತಾಗುತ್ತದೆ, ಕೇಸ್ ಇನ್ನೂ ಗಟ್ಟಿಯಾಗಿರುತ್ತದೆ. ಕೇಸ್ ಅನ್ನು ಕೇಬಲ್‌ನಲ್ಲಿ ತುಂಬಿಸಿದಿರೋ ಪ್ಯಾಡ್ ಮೇಲೋ ಎಂಬುದರಿಂದ ಈ ಲೆಕ್ಕ ಹೆಚ್ಚು ಬದಲಾಗದು.

ಹಾಗಾಗಿ ಕೈಯಲ್ಲಿ ಹೆಚ್ಚಿನ ಹಣವಿದ್ದರೆ ಅದನ್ನು ಮೊದಲು ಒಂದೇ ಚಾರ್ಜ್‌ಗೆ ಹೆಚ್ಚು ಹೊತ್ತು ಹಾಡುವ ಬಡ್‌ಗೆ ಹಾಕಿ. ಐದು ಗಂಟೆಯ ಬದಲು ಎಂಟು ಗಂಟೆ ಬಂದರೆ ಅಷ್ಟೇ ಬಳಕೆಗೆ ಸೈಕಲ್ 290ರಿಂದ 180ಕ್ಕೆ ಇಳಿಯುತ್ತದೆ. ಆಯಸ್ಸು ನಿಜವಾಗಿ ಹೆಚ್ಚುವುದು ಅಲ್ಲಿ.

ವೈರ್‌ಲೆಸ್‌ಗೆ ದುಡ್ಡು ಕೊಡಲು ಗಟ್ಟಿ ಕಾರಣ ಒಂದಿದೆ: ಅದು ಎರಡನೇ ಬಾಗಿಲು. ಟೈಪ್-ಸಿ ಪೋರ್ಟ್ ಕೆಟ್ಟರೆ ಬೇರೆ ದಾರಿಯಿಲ್ಲದ ಕೇಸ್ ಅಲ್ಲಿಗೇ ಮೂಲೆ ಸೇರುತ್ತದೆ. ಪ್ಯಾಡ್ ಮೇಲೂ ಚಾರ್ಜ್ ಆಗುವ ಕೇಸ್ ಮುಂದುವರಿಯುತ್ತದೆ. ಫೋನ್‌ಗಾಗಿ ಈಗಾಗಲೇ ಪ್ಯಾಡ್ ಇಟ್ಟುಕೊಂಡಿದ್ದರೆ, ಬೆಲೆಯ ಅಂತರ ಚಿಕ್ಕದಿದ್ದರೆ, ತೆಗೆದುಕೊಳ್ಳಿ. ಪ್ಯಾಡನ್ನೂ ಹೊಸದಾಗಿ ಕೊಳ್ಳಬೇಕೆಂದಾದರೆ ಟೈಪ್-ಸಿ ಬಗೆಯೇ ಸಾಕು ಎಂಬುದು ನಮ್ಮ ಅಭಿಪ್ರಾಯ. ಹಳೆಯ ಮೈಕ್ರೋ-ಯುಎಸ್‌ಬಿ ಪೋರ್ಟ್ ಇರುವುದನ್ನು ಮಾತ್ರ ಬಿಟ್ಟುಬಿಡಿ. ಯುರೋಪಿನ ಒಕ್ಕೂಟದಲ್ಲಿ 2024ರ ಡಿಸೆಂಬರ್ 28ರಿಂದ, ಕೇಬಲ್‌ನಿಂದ ಚಾರ್ಜ್ ಆಗುವ ಹೆಡ್‌ಫೋನ್, ಇಯರ್‌ಬಡ್‌ಗಳಿಗೆ ಟೈಪ್-ಸಿ ಕಡ್ಡಾಯವಾಗಿದೆ. ಹೊಸ ಮಾದರಿಗಳು ಎಲ್ಲೆಡೆ ಆ ಕಡೆಗೇ ವಾಲಿವೆ.

ಪ್ರಶ್ನೆ: ವೈರ್‌ಲೆಸ್ ಚಾರ್ಜಿಂಗ್ ಬ್ಯಾಟರಿಯನ್ನು ಬೇಗ ಹಾಳುಮಾಡುತ್ತದೆ ಎನ್ನುತ್ತಾರೆ. ರಾತ್ರಿಯಿಡೀ ಪ್ಯಾಡ್ ಮೇಲೆ ಬಿಟ್ಟರೆ ಏನಾಗುತ್ತದೆ?

ಬ್ಯಾಟರಿಗೆ ಬರುವ ಕರೆಂಟ್ ಯಾವ ದಾರಿಯಿಂದ ಬಂತೆಂಬುದು ಗೊತ್ತಾಗುವುದಿಲ್ಲ. ಗೊತ್ತಾಗುವುದು ಬಿಸಿ ಮಾತ್ರ. ಪ್ಯಾಡ್‌ನಲ್ಲಿ ಒಂದು ತಂತಿ ಸುರುಳಿ, ಕೇಸ್‌ನ ತಳದಲ್ಲೋ ಬೆನ್ನಿನಲ್ಲೋ ಇನ್ನೊಂದು. ಪ್ಯಾಡ್‌ನ ಸುರುಳಿಯಲ್ಲಿ ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಸಲ ದಿಕ್ಕು ಬದಲಿಸುವ ಕರೆಂಟ್ ಹರಿದಾಗ ಉಂಟಾಗುವ ಕಾಂತಕ್ಷೇತ್ರ ಕೇಸ್‌ನ ಸುರುಳಿಯಲ್ಲಿ ಕರೆಂಟ್ ಹುಟ್ಟಿಸುತ್ತದೆ. ಎರಡು ಸುರುಳಿಗಳು ಹತ್ತಿರ, ನೇರಾನೇರ ಇದ್ದಷ್ಟೂ ನಷ್ಟ ಕಡಿಮೆ. ಸ್ವಲ್ಪ ಸರಿದರೂ ನಷ್ಟ ಏರುತ್ತದೆ, ಆ ನಷ್ಟವೆಲ್ಲ ಶಾಖವಾಗುತ್ತದೆ. ಶಾಖದ ಒಂದು ಪಾಲು ಕೇಸ್‌ನೊಳಗೇ, ಬ್ಯಾಟರಿಯಿಂದ ಕೆಲವೇ ಮಿಲಿಮೀಟರ್ ದೂರದಲ್ಲಿ ಹುಟ್ಟುತ್ತದೆ ಎಂಬುದೇ ತೊಂದರೆ. ಕೇಬಲ್‌ನಲ್ಲೂ ಬಿಸಿ ಇದೆ, ಆದರೆ ಇದಕ್ಕಿಂತ ಬಹಳ ಕಡಿಮೆ.

ಲಿಥಿಯಂ-ಅಯಾನ್ ಸೆಲ್‌ಗಳನ್ನು ಚಾರ್ಜ್ ಮಾಡಲು ಸಾಮಾನ್ಯವಾಗಿ ಹೇಳುವ ಮಿತಿ 0ಯಿಂದ 45 ಡಿಗ್ರಿ ಸೆಲ್ಸಿಯಸ್. ಮೇಲಿನ ಮಿತಿಯ ಹತ್ತಿರ ಹೆಚ್ಚು ಹೊತ್ತು ಇದ್ದರೆ ಸೆಲ್‌ನೊಳಗಿನ ರಾಸಾಯನಿಕ ಸವೆತ ಚುರುಕಾಗುತ್ತದೆ. ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಲಿಥಿಯಂ ಲೋಹವಾಗಿಯೇ ಒಳಗಿನ ಫಲಕದ ಮೇಲೆ ಕೂರುತ್ತದೆ. ಆ ಹಾನಿ ಮತ್ತೆ ಸರಿಯಾಗದು. ಕೊರೆಯುವ ಚಳಿಯಿಂದ ಒಳಗೆ ಬಂದ ಕೂಡಲೇ ಚಾರ್ಜ್‌ಗೆ ಹಾಕದೆ, ಕೇಸ್ ಕೋಣೆಯ ಉಷ್ಣತೆಗೆ ಬರಲು ಅರ್ಧ ಗಂಟೆ ಬಿಡಿ.

ಪರೀಕ್ಷಿಸುವುದು ಸುಲಭ. ಪ್ಯಾಡ್ ಮೇಲಿಟ್ಟು ಅರ್ಧ ಗಂಟೆಯಾದ ಮೇಲೆ ಕೇಸ್‌ನ ತಳವನ್ನು ಕೆನ್ನೆಗೆ ತಾಗಿಸಿ. ಉಗುರು ಬೆಚ್ಚಗಿದ್ದರೆ ಚಿಂತೆಯಿಲ್ಲ. ಸರಕ್ಕನೆ ಹಿಂತೆಗೆಯಬೇಕೆನ್ನುವಷ್ಟು ಬಿಸಿಯಿದ್ದರೆ ಕೇಸ್ ನಡುವಿನಿಂದ ಸರಿದಿದೆ, ಇಲ್ಲವೇ ಅದರ ಹೊರಗವಚ ದಪ್ಪವಾಗಿದೆ, ಇಲ್ಲವೇ ನಡುವೆ ಲೋಹವೇನೋ ಇದೆ.

ರಾತ್ರಿಯಿಡೀ ಬಿಟ್ಟರೆ ಅನಾಹುತವಾಗುವುದಿಲ್ಲ. ತುಂಬಿದ ಮೇಲೆ ಚಾರ್ಜಿಂಗ್ ನಿಲ್ಲುವಂತೆ ಕೇಸ್‌ನಲ್ಲೇ ಸರ್ಕ್ಯೂಟ್ ಇದೆ. ಆದರೆ ಶೇ 100ರಲ್ಲಿ, ಬೆಚ್ಚಗೆ, ಗಂಟೆಗಟ್ಟಲೆ ಇರುವುದು ಸೆಲ್‌ಗೆ ಹಿತವಲ್ಲ. ಸ್ವಲ್ಪ ಇಳಿದಾಗಲೆಲ್ಲ ಮತ್ತೆ ತುಂಬಿಸುವ ಕೆಲಸ ಬೆಳಗಿನ ತನಕ ನಡೆಯುತ್ತಿರುತ್ತದೆ. ಒಳಗೆ ಕುಳಿತ ಬಡ್‌ಗಳೂ ಅದೇ ಬಿಸಿಯಲ್ಲಿರುತ್ತವೆ. ಕೇಸ್ ಶೇ 20-30ಕ್ಕೆ ಇಳಿದಾಗ ಎರಡು-ಮೂರು ಗಂಟೆ ಪ್ಯಾಡ್ ಮೇಲಿಟ್ಟು ತೆಗೆಯುವುದು ಒಳ್ಳೆಯ ಅಭ್ಯಾಸ. ನಾಲ್ಕು ದಿನಕ್ಕೊಮ್ಮೆ ಚಾರ್ಜ್ ಕೇಳುವ ವಸ್ತುವನ್ನು ದಿನವೂ ರಾತ್ರಿ ಪ್ಯಾಡ್ ಮೇಲೆ ಮಲಗಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ವೈರ್‌ಲೆಸ್‌ನಲ್ಲಿ ವಿದ್ಯುತ್ ಪೋಲಾಗುತ್ತದಂತೆ. ಎಷ್ಟು?

500 ಎಂಎಎಚ್ ಕೇಸ್ ಎಂದರೆ 3.85 ವೋಲ್ಟ್ ಲೆಕ್ಕದಲ್ಲಿ ಸುಮಾರು 1.9 ವ್ಯಾಟ್-ಅವರ್. ಕೇಬಲ್‌ನಲ್ಲಿ ಶೇ 85 ದಕ್ಷತೆ, ಪ್ಯಾಡ್‌ನಲ್ಲಿ ಶೇ 65 ಎಂದು ಹಿಡಿದರೆ ಒಮ್ಮೆ ತುಂಬಿಸಲು ಕ್ರಮವಾಗಿ 2.3 ಮತ್ತು 3 ವ್ಯಾಟ್-ಅವರ್ ಬೇಕು. ವರ್ಷಕ್ಕೆ ನೂರು ಸಲ ತುಂಬಿಸಿದರೂ ವ್ಯತ್ಯಾಸ ಸುಮಾರು 70 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್‌ನ (ಸಾವಿರ ವ್ಯಾಟ್-ಅವರ್) ಹದಿನಾಲ್ಕನೇ ಒಂದು ಭಾಗ. ನಿಜವಾದ ಪೋಲು ಇರುವುದು ಬೇರೆ ಕಡೆ. ಮೇಲೆ ಏನೂ ಇಲ್ಲದಿದ್ದಾಗಲೂ ಪ್ಯಾಡ್ ಆಗಾಗ ಸಣ್ಣ ಸಂಕೇತ ಕಳಿಸಿ ‘ಯಾವುದಾದರೂ ಸಾಧನ ಬಂತೇ’ ಎಂದು ನೋಡುತ್ತಿರುತ್ತದೆ. ಅದಕ್ಕೆ 0.2 ವ್ಯಾಟ್ ಹೋದರೂ ವರ್ಷಕ್ಕೆ 1.75 ಯೂನಿಟ್ ಆಗುತ್ತದೆ. ಇದು ಇಯರ್‌ಬಡ್‌ಗೆ ವರ್ಷವಿಡೀ ತುಂಬಿಸಿದ ಒಟ್ಟು ವಿದ್ಯುತ್ತಿನ ಐದಾರು ಪಟ್ಟು. ಕೆಲಸವಿಲ್ಲದಾಗ ಪ್ಯಾಡ್‌ನ ಸ್ವಿಚ್ ಆರಿಸಿ.

ಪ್ರಶ್ನೆ: ಲ್ಯಾಪ್‌ಟಾಪ್‌ನ 65 ವ್ಯಾಟ್ ಚಾರ್ಜರ್ ಹಾಕಿದರೆ ಇಯರ್‌ಬಡ್ ಸುಟ್ಟುಹೋಗುತ್ತದೆಯೇ? ಇನ್ನೊಂದು ವಿಚಿತ್ರ: ಆ ಚಾರ್ಜರ್‌ಗೆ ಎರಡೂ ಕಡೆ ಟೈಪ್-ಸಿ ಇರುವ ಕೇಬಲ್ ಹಾಕಿದರೆ ನನ್ನ ಕೇಸ್ ಚಾರ್ಜ್ ಆಗುವುದೇ ಇಲ್ಲ. ಹಳೆಯ ಚೌಕ ಪೋರ್ಟ್‌ನ ಚಾರ್ಜರ್‌ನಲ್ಲಿ ಸರಿಯಾಗಿ ಆಗುತ್ತದೆ.

ಸುಡುವುದಿಲ್ಲ. 65 ವ್ಯಾಟ್ ಎನ್ನುವುದು ಚಾರ್ಜರ್ ಕೊಡಬಲ್ಲ ಗರಿಷ್ಠ. ಟೈಪ್-ಸಿ ಚಾರ್ಜರ್ ಮೊದಲು ಕೊಡುವುದು 5 ವೋಲ್ಟ್. ಅದಕ್ಕಿಂತ ಹೆಚ್ಚು ಬೇಕಾದರೆ ಸಾಧನವೇ ಕೇಳಬೇಕು. ಇಯರ್‌ಬಡ್ ಕೇಸ್ ಕೇಳುವುದಿಲ್ಲ, ತನಗೆ ಬೇಕಾದ ಒಂದೆರಡು ವ್ಯಾಟ್ ಮಾತ್ರ ಎಳೆದುಕೊಳ್ಳುತ್ತದೆ.

ನಿಮ್ಮ ಎರಡನೇ ಮಾತಿನ ಕಾರಣ ಕೇಸ್‌ನ ವಿನ್ಯಾಸದಲ್ಲಿದೆ. ಟೈಪ್-ಸಿ ಪೋರ್ಟ್‌ನಲ್ಲಿ ಸಿಸಿ ಎಂಬ ಎರಡು ಪಿನ್‌ಗಳಿವೆ. ಚಾರ್ಜ್ ಬೇಕಾದ ಸಾಧನದಲ್ಲಿ ಆ ಎರಡಕ್ಕೂ ಒಂದೊಂದು 5.1 ಕಿಲೋ-ಓಮ್ ರೆಸಿಸ್ಟರ್ ಇರಬೇಕು. ಅದನ್ನು ಗುರುತಿಸಿದ ಮೇಲೆಯೇ ಟೈಪ್-ಸಿ ಚಾರ್ಜರ್ ಕರೆಂಟ್ ಬಿಡುತ್ತದೆ. ಖರ್ಚು ಉಳಿಸಲು ಕೆಲವು ತಯಾರಕರು ಆ ಪುಟ್ಟ ಬಿಡಿಭಾಗಗಳನ್ನೇ ಹಾಕುವುದಿಲ್ಲ. ಆಗ ಚಾರ್ಜರ್‌ಗೆ ಕೇಸ್ ಇರುವುದೇ ತಿಳಿಯದು. ಚೌಕ ಪೋರ್ಟ್‌ನ ಟೈಪ್-ಎ ಚಾರ್ಜರ್‌ನಲ್ಲಿ ಯಾರೂ ಕೇಳದಿದ್ದರೂ 5 ವೋಲ್ಟ್ ಸದಾ ಇರುತ್ತದೆ, ಅದಕ್ಕೇ ಅಲ್ಲಿ ನಡೆಯುತ್ತದೆ.

ಚಾರ್ಜರನ್ನೋ ಕೇಬಲನ್ನೋ ಬದಲಿಸಿ ಹಣ ಕಳೆಯಬೇಡಿ, ಅವು ಸರಿಯಾಗಿವೆ. ಒಂದು ಕಡೆ ಟೈಪ್-ಎ, ಇನ್ನೊಂದು ಕಡೆ ಟೈಪ್-ಸಿ ಇರುವ ಕೇಬಲನ್ನು ಈ ಕೇಸ್‌ಗೆಂದೇ ಎತ್ತಿಡಿ. ಇನ್ನೂ ಹಿಂದಿರುಗಿಸುವ ಅವಧಿಯಲ್ಲಿದ್ದರೆ ಹಿಂದಿರುಗಿಸಿ. ಇದು ತಯಾರಿಕೆಯ ದೋಷವೆಂದು ಕೇಳುವ ಹಕ್ಕು ನಿಮಗಿದೆ. ಹೊಸದನ್ನು ಕೊಂಡ ದಿನವೇ ಎರಡೂ ಬಗೆಯ ಕೇಬಲ್ ಹಾಕಿ ನೋಡುವುದು ಎಲ್ಲರಿಗೂ ಒಳ್ಳೆಯದು.

ಪ್ರಶ್ನೆ: ಫೋನ್ ನಿಲ್ಲಿಸುವ ವೈರ್‌ಲೆಸ್ ಸ್ಟ್ಯಾಂಡ್ ಇದೆ. ಅದರ ಮೇಲೆ ಇಯರ್‌ಬಡ್ ಕೇಸ್ ಇಟ್ಟರೆ ದೀಪ ಹತ್ತಿ ಆರುತ್ತದೆ, ಚಾರ್ಜ್ ಏರುವುದಿಲ್ಲ. ಹೆಚ್ಚು ವ್ಯಾಟ್‌ನ ಪ್ಯಾಡ್ ಕೊಳ್ಳಬೇಕೇ?

ವ್ಯಾಟ್ ಹೆಚ್ಚಿಸಿದರೆ ಇದು ಸರಿಹೋಗದು. ಸ್ಟ್ಯಾಂಡ್‌ನ ಸುರುಳಿಯನ್ನು ಫೋನ್‌ನ ಬೆನ್ನಿನ ನಡುಭಾಗಕ್ಕೆ ಹೊಂದುವಂತೆ ತಳದಿಂದ ಕೆಲವು ಸೆಂಟಿಮೀಟರ್ ಮೇಲೆ ಕೂರಿಸಿರುತ್ತಾರೆ. ಗಿಡ್ಡ ಕೇಸ್ ಅಂಚಿಗೆ ತಾಗಿ ಕೆಳಗೇ ನಿಲ್ಲುತ್ತದೆ. ಜೊತೆಗೆ ಕೇಸ್‌ನ ಸುರುಳಿ ಫೋನ್‌ನದಕ್ಕಿಂತ ಚಿಕ್ಕದು, ಆದ್ದರಿಂದ ಹೊಂದಿಕೆಯಲ್ಲಿ ಸ್ವಲ್ಪ ತಪ್ಪಿದರೂ ಸಂಪರ್ಕ ತಪ್ಪುತ್ತದೆ. ಪ್ಯಾಡ್ ಸಾಧನವನ್ನು ಗುರುತಿಸುತ್ತದೆ, ಸಾಲುವಷ್ಟು ಶಕ್ತಿ ದಾಟುವುದಿಲ್ಲ, ಮತ್ತೆ ನಿಲ್ಲಿಸುತ್ತದೆ. ನೀವು ಕಾಣುತ್ತಿರುವ ದೀಪದಾಟ ಅದೇ.

ಸ್ಟ್ಯಾಂಡನ್ನು ಬೆನ್ನ ಮೇಲೆ ಮಲಗಿಸಿ ನೋಡಿ. ಕೇಸ್‌ನ ಮೇಲಿನ ಸಿಲಿಕೋನ್ ಕವಚ ತೆಗೆಯಿರಿ. ಕವಚದ ದಪ್ಪ 3 ಮಿಲಿಮೀಟರ್ ದಾಟಿದರೆ ಅದೊಂದೇ ಸಾಕು ತಡೆಯಲು. ಕೇಸ್‌ನ ಯಾವ ಮೈಯಲ್ಲಿ ಸುರುಳಿ ಇದೆ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳಿ. ಸಾಮಾನ್ಯವಾಗಿ ಅಗಲವಾದ ಬೆನ್ನು, ಕೆಲವದರಲ್ಲಿ ತಳ. ಆ ಮೈ ಪ್ಯಾಡ್‌ಗೆ ತಾಗುವಂತೆ ನಡುವೆ ಇಟ್ಟು, ಒಂದೊಂದು ಕಡೆಗೂ ಅರ್ಧ ಸೆಂಟಿಮೀಟರ್‌ನಂತೆ ಸರಿಸುತ್ತ ಪ್ರತಿ ಸಲ ಐದು ಸೆಕೆಂಡ್ ಕಾಯಿರಿ. ದೀಪ ನಿಂತ ಜಾಗ ಸಿಕ್ಕಿದಾಗ ಪ್ಯಾಡ್ ಮೇಲೆ ಸಣ್ಣ ಸ್ಟಿಕ್ಕರ್‌ನಿಂದ ಗುರುತು ಹಾಕಿ. ದಿನವೂ ಹುಡುಕುವ ಕೆಲಸ ತಪ್ಪುತ್ತದೆ.

ಹೊಸ ಪ್ಯಾಡ್ ಕೊಳ್ಳುವುದೇ ಆದರೆ ಚಪ್ಪಟೆಯಾದದ್ದು, ಅಥವಾ ಬಡ್‌ಗಳಿಗೆಂದೇ ಬೇರೆ ಜಾಗವಿರುವ ಮೂರು-ಸಾಧನದ ಚಾರ್ಜರ್ ನೋಡಿ. ಕ್ಯೂ ಮತ್ತು ಐ ಎರಡಕ್ಷರದ, ‘ಚೀ’ ಎಂದು ಓದುವ ಗುರುತು ಪೆಟ್ಟಿಗೆಯ ಮೇಲಿರಬೇಕು. ಈ ಮಾನದಂಡದ ಮೊದಲ ಆವೃತ್ತಿ 2010ರಲ್ಲಿ 5 ವ್ಯಾಟ್‌ವರೆಗಿನ ಸಾಧನಗಳಿಗಾಗಿ ಬಂದದ್ದು, ಇಯರ್‌ಬಡ್ ಕೇಸ್‌ಗೆ ಇವತ್ತಿಗೂ ಅಷ್ಟು ಸಾಕು. 2023ರಲ್ಲಿ ಪ್ರಕಟವಾದ ‘ಚೀ-2’ ಪ್ಯಾಡ್‌ಗಳಲ್ಲಿ ಸುತ್ತಲೂ ಆಯಸ್ಕಾಂತದ ಉಂಗುರವಿದ್ದು ಫೋನ್‌ಗೆ 15 ವ್ಯಾಟ್ ಕೊಡುತ್ತವೆ. ಕೇಸ್‌ಗೆ ಆ ವೇಗ ಸಿಗುವುದಿಲ್ಲ. ಕೇಸ್‌ನಲ್ಲೂ ಹೊಂದುವ ಆಯಸ್ಕಾಂತವಿದ್ದರೆ ಮಾತ್ರ ಅದು ತಾನಾಗಿ ನಡುವಿಗೆ ಬಂದು ಕೂರುತ್ತದೆ; ನಮ್ಮ ಮಟ್ಟಿಗೆ ಆ ಪ್ಯಾಡ್‌ನ ನಿಜವಾದ ಲಾಭ ಅದೇ, ಸರಿಯಾಗಿ ಕೂತದ್ದು ಬಿಸಿಯಾಗುವುದೂ ಕಡಿಮೆ. ಸ್ಮಾರ್ಟ್ ವಾಚ್‌ನ ದುಂಡು ಚಾರ್ಜರ್ ಮೇಲೆ ಎಲ್ಲ ಕೇಸ್‌ಗಳೂ ಚಾರ್ಜ್ ಆಗುತ್ತವೆ ಎಂದುಕೊಳ್ಳಬೇಡಿ. ಅವುಗಳಲ್ಲಿ ಹೆಚ್ಚಿನವು ಬೇರೆ ಪದ್ಧತಿಯವು.

ಪ್ಯಾಡ್ ಮತ್ತು ಕೇಸ್ ನಡುವೆ ಕೀಲಿ, ನಾಣ್ಯ ಸಿಕ್ಕಿಕೊಳ್ಳದಿರಲಿ. ಲೋಹ ಪತ್ತೆಯಾದರೆ ನಿಲ್ಲಿಸುವ ವ್ಯವಸ್ಥೆ ಒಳ್ಳೆಯ ಪ್ಯಾಡ್‌ಗಳಲ್ಲಿದೆ, ಅಗ್ಗದವುಗಳಲ್ಲಿ ಅದನ್ನು ನಂಬುವಂತಿಲ್ಲ. ನಾಣ್ಯ ಕೈಸುಡುವಷ್ಟು ಕಾಯಬಹುದು. ಚಿಪ್ ಇರುವ ಕಾರ್ಡ್‌ಗಳನ್ನೂ ದೂರವಿಡಿ.

ಪ್ರಶ್ನೆ: ಫೋನ್‌ನ ಬೆನ್ನ ಮೇಲೆ ಇಟ್ಟು ಇಯರ್‌ಬಡ್ ಚಾರ್ಜ್ ಮಾಡಬಹುದಂತೆ. ದಿನವೂ ಹಾಗೆ ಮಾಡಬಹುದೇ?

ತುರ್ತಿಗೆ ಒಳ್ಳೆಯದು, ದಿನದ ಅಭ್ಯಾಸಕ್ಕೆ ಬೇಡ. ಫೋನ್‌ನ ಬ್ಯಾಟರಿಯಿಂದ ಸುರುಳಿಗೆ, ಸುರುಳಿಯಿಂದ ಕೇಸ್‌ಗೆ ದಾಟುವಷ್ಟರಲ್ಲಿ ಸರಿಸುಮಾರು ಅರ್ಧದಷ್ಟು ಶಕ್ತಿ ಶಾಖವಾಗಿ ಹೋಗುತ್ತದೆ. 1.9 ವ್ಯಾಟ್-ಅವರ್‌ನ ಕೇಸ್ ತುಂಬಿಸಲು 4 ವ್ಯಾಟ್-ಅವರ್ ಖರ್ಚಾದರೆ, 5000 ಎಂಎಎಚ್ ಫೋನ್‌ನ ಐದನೇ ಒಂದು ಭಾಗ ಕರಗಿತು ಎಂದೇ ಅರ್ಥ. ಜೊತೆಗೆ ಫೋನ್‌ನ ದುಬಾರಿ ಬ್ಯಾಟರಿಯೂ ಬಿಸಿಯಾಗುತ್ತದೆ.

ಇದಕ್ಕಿಂತ ಉತ್ತಮ ದಾರಿಯೊಂದಿದೆ, ಬಹಳ ಮಂದಿ ಗಮನಿಸಿರುವುದಿಲ್ಲ. ಫೋನ್‌ಗೂ ಕೇಸ್‌ಗೂ ಟೈಪ್-ಸಿ ಇದ್ದರೆ ಎರಡನ್ನೂ ಸಿ-ಯಿಂದ-ಸಿ ಕೇಬಲ್‌ನಲ್ಲಿ ಜೋಡಿಸಿ. ಹೆಚ್ಚಿನ ಈಚಿನ ಫೋನ್‌ಗಳು ಕೇಸ್‌ಗೆ ಕರೆಂಟ್ ಕೊಡುತ್ತವೆ, ನಷ್ಟವೂ ಕಡಿಮೆ. ಬಡ್‌ಗಳನ್ನು ಒಳಗಿಟ್ಟು ಹತ್ತು-ಹದಿನೈದು ನಿಮಿಷ ಹೀಗೆ ಬಿಟ್ಟರೆ ಒಂದು ದೀರ್ಘ ಕರೆಗೆ ಸಾಕಾಗುವಷ್ಟು ಸಿಗುತ್ತದೆ.

ಪ್ರಶ್ನೆ: ಎಡಗಡೆಯ ಬಡ್ ಮಾತ್ರ ಚಾರ್ಜ್ ಆಗುತ್ತಿಲ್ಲ. ಕೇಸ್ ಅನ್ನು ವೈರ್‌ನಿಂದ ಪ್ಯಾಡ್‌ಗೆ ಬದಲಾಯಿಸಿ ನೋಡಿದರೂ ಅದೇ ಕಥೆ.

ಬದಲಾಯಿಸಿದ್ದರಿಂದ ಪ್ರಯೋಜನವಾಗದಿರುವುದು ಸಹಜ. ನಿಮ್ಮ ತೊಂದರೆ ಕೇಸ್ ಮತ್ತು ಬಡ್ ನಡುವಿನದು, ಅಲ್ಲಿ ವೈರ್‌ಲೆಸ್ ಎಂಬುದೇ ಇಲ್ಲ.

ಹತ್ತರಲ್ಲಿ ಹೆಚ್ಚು ಪಾಲು ಕಾರಣ ಕೊಳೆ. ಕಿವಿಯ ಗುಗ್ಗೆ, ಚರ್ಮದ ಜಿಡ್ಡು, ಬೆವರಿನ ಉಪ್ಪು ಸೇರಿ ಬಡ್‌ನ ಚಿನ್ನದ ಬಣ್ಣದ ಚುಕ್ಕಿಗಳ ಮೇಲೆ ಕಾಣದಂಥ ಪೊರೆ ಕಟ್ಟುತ್ತವೆ. ಒಣಗಿದ ಹತ್ತಿ ಕಡ್ಡಿಯಿಂದ ಮೊದಲು ಒರೆಸಿ. ಹೋಗದಿದ್ದರೆ ಶೇ 70 ಅಥವಾ ಅದಕ್ಕಿಂತ ಹೆಚ್ಚಿನ ಐಸೋಪ್ರೊಪೈಲ್ ಆಲ್ಕೋಹಾಲ್‌ನ ಒಂದು ಹನಿಯನ್ನು ಹತ್ತಿಗೆ ತಾಗಿಸಿ ಚುಕ್ಕಿಗಳ ಮೇಲೆ ಮಾತ್ರ ಉಜ್ಜಿ. ಶಬ್ದ ಬರುವ ಜಾಲರಿಗೆ ಅದು ತಾಗಬಾರದು, ಕರಗಿದ ಗುಗ್ಗೆ ಒಳಕ್ಕೆ ಇಳಿಯುತ್ತದೆ. ಕೇಸ್‌ನ ಗುಳಿಯೊಳಗಿನ ಪಿನ್‌ಗಳನ್ನೂ ಹಾಗೆಯೇ ಒರೆಸಿ, ಮರದ ಹಲ್ಲುಕಡ್ಡಿಯಿಂದ ಒಂದೊಂದನ್ನೂ ಮೆಲ್ಲಗೆ ಒತ್ತಿ. ಪಿನ್‌ಗಳು ಸ್ಪ್ರಿಂಗ್ ಮೇಲೆ ನಿಂತಿರುತ್ತವೆ. ಒತ್ತಿದಾಗ ಒಳಹೋಗಿ ಹಿಂದಿರುಗಬೇಕು. ಒಂದು ಪಿನ್ ಒಳಗೇ ಸಿಕ್ಕಿಕೊಂಡಿದ್ದರೆ ಕಳ್ಳ ಸಿಕ್ಕಿದಂತೆ. ನಾಲ್ಕೈದು ಸಲ ಒತ್ತಿ ಬಿಟ್ಟರೆ ಕೆಲವೊಮ್ಮೆ ಸಡಿಲವಾಗುತ್ತದೆ. ಹತ್ತು ನಿಮಿಷ ಒಣಗಲು ಬಿಟ್ಟು ಆಮೇಲೆ ಬಡ್ ಇಡಿ.

ಉಪ್ಪುಕಾಗದ, ಬ್ಲೇಡ್, ಸೂಜಿ ಯಾವುದನ್ನೂ ತರಬೇಡಿ. ಚುಕ್ಕಿಯ ಮೇಲಿನ ಚಿನ್ನದ ಲೇಪ ಬಹಳ ತೆಳು. ಅದು ಹೋದರೆ ಕೆಳಗಿನ ಲೋಹ ಬೆವರಿಗೆ ಬೇಗ ಹಸಿರುಗಟ್ಟುತ್ತದೆ, ಆಗ ಸ್ವಚ್ಛ ಮಾಡಿದ್ದೇ ಮುಳುವಾಗುತ್ತದೆ.

ಎರಡನೇ ಕಾರಣ ಕಿವಿಯ ರಬ್ಬರ್ ತುದಿ. ದೊಡ್ಡ ಅಳತೆಯದ್ದೋ ಬೇರೆ ಕಂಪನಿಯದ್ದೋ ಹಾಕಿದ್ದರೆ ಬಡ್ ಗುಳಿಯಲ್ಲಿ ಪೂರ್ತಿ ಕೂರದೆ ಅರ್ಧ ಮಿಲಿಮೀಟರ್ ಎತ್ತಿ ನಿಲ್ಲುತ್ತದೆ. ತುದಿ ತೆಗೆದು ಬಡ್ ಮಾತ್ರ ಇಟ್ಟು ನೋಡಿ. ಚಾರ್ಜ್ ಶುರುವಾದರೆ ಉತ್ತರ ಸಿಕ್ಕಿತು.

ಇವೆರಡೂ ಅಲ್ಲವಾದರೆ ಕೈಪಿಡಿಯಲ್ಲಿ ಹೇಳಿದಂತೆ ರೀಸೆಟ್ ಮಾಡಿ. ಅಷ್ಟಾದರೂ ಆಗದೆ, ಅಥವಾ ಚಾರ್ಜ್ ತೋರಿಸಿಯೂ ಹತ್ತು ನಿಮಿಷಕ್ಕೆ ಆರಿಹೋದರೆ, ಬಡ್‌ನ ಸೆಲ್ಲೇ ಮುಗಿದಿದೆ. ಕರೆಗಳಲ್ಲಿ ಒಂದೇ ಬಡ್ ಬಳಸುವವರಿಗೆ ಆ ಕಡೆಯದು ಮೊದಲು ಸೋಲುವುದು ಸಾಮಾನ್ಯ. ವಾರಕ್ಕೊಮ್ಮೆ ಕಡೆ ಬದಲಿಸುತ್ತಿದ್ದರೆ ಸವೆತ ಸಮನಾಗುತ್ತದೆ.

ವ್ಯಾಯಾಮ ಮಾಡುವವರು ಇದನ್ನು ದಯವಿಟ್ಟು ಗಮನಿಸಿ. ಬೆವರಿದ ಬಡ್ ಅನ್ನು ಹಾಗೆಯೇ ಕೇಸ್‌ಗೆ ಹಾಕಿದರೆ ಪಿನ್‌ಗಳ ನಡುವೆ ಉಪ್ಪುನೀರು, ಮೇಲೆ ಚಾರ್ಜಿಂಗ್ ವೋಲ್ಟೇಜ್. ಇದು ಬರಿಯ ತುಕ್ಕಿಗಿಂತ ಎಷ್ಟೋ ವೇಗವಾಗಿ ಲೋಹವನ್ನು ತಿನ್ನುತ್ತದೆ. ಒರೆಸಿ, ಹದಿನೈದು ನಿಮಿಷ ಗಾಳಿಗೆ ಬಿಟ್ಟು, ಆಮೇಲೆ ಇಡಿ. ಬಡ್‌ಗೆ ನೀರು ತಡೆಯುವ ಶಕ್ತಿ ಇದೆ ಎಂದರೆ ಕೇಸ್‌ಗೂ ಇದೆ ಎಂದಾಗುವುದಿಲ್ಲ.

ಪ್ರಶ್ನೆ: ಕೇಬಲ್ ದಿನವೂ ಚುಚ್ಚಿ ತೆಗೆದರೆ ಪೋರ್ಟ್ ಸಡಿಲವಾಗುವುದಿಲ್ಲವೇ? ನನ್ನದು ಈಗಾಗಲೇ ಅಲುಗಾಡಿದರೆ ಮಾತ್ರ ಚಾರ್ಜ್ ಆಗುತ್ತಿದೆ.

ಟೈಪ್-ಸಿ ಪೋರ್ಟನ್ನು 10,000 ಸಲ ಚುಚ್ಚಿ ತೆಗೆಯಲು ತಾಳುವಂತೆ ರೂಪಿಸಿದ್ದಾರೆ. ದಿನಕ್ಕೊಂದು ಸಲವಾದರೆ 27 ವರ್ಷ. ಪೋರ್ಟ್ ಕೆಡಿಸುವುದು ಕೇಬಲ್ ಹಾಕಿದಾಗಲೇ ಕೇಸ್ ಕೆಳಗೆ ಬೀಳುವುದು, ಓರೆಯಾಗಿ ಎಳೆಯುವುದು, ಜೇಬಿನ ನೂಲಿನ ಪುಡಿ ಒಳಗೆ ಒತ್ತಿಕೊಂಡು ಗಟ್ಟಿಯಾಗುವುದು. ಹಿಡಿತ ಕೊಡುವ ಸ್ಪ್ರಿಂಗ್‌ಗಳು ಕೇಬಲ್‌ನ ಮೂತಿಯಲ್ಲಿರುವುದರಿಂದ ಮೊದಲು ಸವೆಯುವುದೂ ಕೇಬಲ್ಲೇ. ಆದ್ದರಿಂದ ಬೇರೆ ಕೇಬಲ್ ಹಾಕಿ ನೋಡಿ. ಅದೂ ಪೂರ್ತಿ ಒಳಗೆ ಹೋಗದೆ ಅರ್ಧಕ್ಕೆ ನಿಂತರೆ ಒಳಗೆ ನೂಲು ಇದೆ. ಚಾರ್ಜರ್ ಬಿಚ್ಚಿ, ಮರದ ಅಥವಾ ಪ್ಲಾಸ್ಟಿಕ್‌ನ ಹಲ್ಲುಕಡ್ಡಿಯನ್ನು ಚಾಕುವಿನಿಂದ ತೆಳ್ಳಗೆ ಮಾಡಿಕೊಂಡು, ಗೋಡೆಯ ಪಕ್ಕದಿಂದ ಮೆಲ್ಲಗೆ ಕೆದಕಿ ಹೊರತೆಗೆಯಿರಿ. ನಡುವಿನ ನಾಲಿಗೆಯಂಥ ಫಲಕವನ್ನು ಮೀಟಬೇಡಿ, ಮುರಿದರೆ ಪೋರ್ಟ್ ಮುಗಿದಂತೆ. ಬಾಯಿಂದ ಊದಬೇಡಿ, ಉಗುಳಿನ ತೇವ ಒಳಸೇರುತ್ತದೆ.

ಹೀಗೆ ಮಾಡಿಯೂ ಸರಿಯಾಗದೆ ನಿಮ್ಮ ಕೇಸ್‌ಗೆ ವೈರ್‌ಲೆಸ್ ಇದ್ದರೆ, ಎರಡನೇ ಬಾಗಿಲು ಕೆಲಸಕ್ಕೆ ಬರುವುದು ಈಗಲೇ.

ಪ್ರಶ್ನೆ: ಕಿವಿ ಪೂರ್ತಿ ಮುಚ್ಚುವ ದೊಡ್ಡ ಹೆಡ್‌ಫೋನ್‌ಗಳಲ್ಲಿ ವೈರ್‌ಲೆಸ್ ಚಾರ್ಜಿಂಗ್ ಯಾಕೆ ಅಪರೂಪ?

ಸುರುಳಿಗೆ ಚಪ್ಪಟೆ ಮೈ ಬೇಕು, ಕಿವಿಯ ಬಟ್ಟಲು ಗುಂಡಗೆ ಉಬ್ಬಿರುತ್ತದೆ. ಅದೇ ಬಟ್ಟಲಿನಲ್ಲಿ ಶಬ್ದ ಹುಟ್ಟಿಸುವ ಭಾಗದ ಆಯಸ್ಕಾಂತ ಮತ್ತು ಲೋಹ ಇವೆ, ಅವು ಕಾಂತಕ್ಷೇತ್ರವನ್ನು ತಿಂದುಹಾಕುತ್ತವೆ. ತಪ್ಪಿಸಲು ತಡೆಹಾಳೆ ಸೇರಿಸಿದರೆ ತೂಕ, ದಪ್ಪ ಏರುತ್ತದೆ. ಇಷ್ಟೆಲ್ಲ ಕಷ್ಟಕ್ಕೆ ಪ್ರತಿಫಲವೂ ಚಿಕ್ಕದು. 600ರಿಂದ 1000 ಎಂಎಎಚ್ ಬ್ಯಾಟರಿಯ ಹೆಡ್‌ಫೋನ್ 30 ಗಂಟೆ ಅಥವಾ ಹೆಚ್ಚು ಹಾಡುತ್ತದೆ, ವಾರಕ್ಕೊಮ್ಮೆ ಕೇಬಲ್ ಹಾಕಿದರೆ ಮುಗಿಯಿತು. 2020ರ ಡಿಸೆಂಬರ್‌ನಲ್ಲಿ ಬಂದ ಆ್ಯಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್‌ನಂಥ ದುಬಾರಿ ಮಾದರಿಗೂ 2024ರಲ್ಲಿ ಸಿಕ್ಕಿದ್ದು ಟೈಪ್-ಸಿ ಪೋರ್ಟ್, ಪ್ಯಾಡ್ ಚಾರ್ಜಿಂಗ್ ಅಲ್ಲ.

‘ವೈರ್‌ಲೆಸ್ ಡಾಕ್’ ಎಂದು ಮಾರುವ ಕೆಲವು ಹೆಡ್‌ಫೋನ್ ಸ್ಟ್ಯಾಂಡ್‌ಗಳಲ್ಲಿ ಸುರುಳಿಯೇ ಇರುವುದಿಲ್ಲ, ಲೋಹದ ಚುಕ್ಕಿಗಳು ಒಂದಕ್ಕೊಂದು ತಾಗಿ ಚಾರ್ಜ್ ಆಗುತ್ತವೆ. ಕೆಟ್ಟ ವ್ಯವಸ್ಥೆಯೇನಲ್ಲ, ನಷ್ಟವೂ ಕಡಿಮೆ. ಆದರೆ ಆ ಸ್ಟ್ಯಾಂಡ್ ಬೇರೆ ಯಾವ ಸಾಧನಕ್ಕೂ ಆಗುವುದಿಲ್ಲ, ಬೇರೆ ಪ್ಯಾಡ್ ಆ ಹೆಡ್‌ಫೋನ್‌ಗೆ ಆಗುವುದಿಲ್ಲ.

ಪ್ರಶ್ನೆ: ಚಾರ್ಜ್ ಆಗುತ್ತಿರುವಾಗಲೇ ಕೇಳಬಹುದೇ?

ಬಡ್‌ಗಳಲ್ಲಿ ಆಗದು, ಚಾರ್ಜ್ ಆಗಲು ಅವು ಕೇಸ್‌ನೊಳಗಿರಲೇಬೇಕು. ಒಂದನ್ನು ಕೇಸ್‌ಗೆ ಹಾಕಿ ಇನ್ನೊಂದರಲ್ಲಿ ಕೇಳುತ್ತ, ಹದಿನೈದು-ಇಪ್ಪತ್ತು ನಿಮಿಷಕ್ಕೊಮ್ಮೆ ಅದಲುಬದಲು ಮಾಡಿದರೆ ದೀರ್ಘ ಸಭೆಗಳನ್ನೂ ದಾಟಬಹುದು. ದೊಡ್ಡ ಹೆಡ್‌ಫೋನ್‌ಗಳಲ್ಲಿ ಮಾದರಿಯಿಂದ ಮಾದರಿಗೆ ವ್ಯತ್ಯಾಸ: ಕೆಲವು ಕೇಬಲ್ ಹಾಕಿದ ಕೂಡಲೇ ಬ್ಲೂಟೂತ್ ಆರಿಸುತ್ತವೆ, ಕೆಲವು ಹಾಡುತ್ತಲೇ ಚಾರ್ಜ್ ಆಗುತ್ತವೆ, ಕೆಲವು ಟೈಪ್-ಸಿ ಕೇಬಲ್‌ನಲ್ಲೇ ಶಬ್ದವನ್ನೂ ಪಡೆಯುತ್ತವೆ. ದಿನವಿಡೀ ಮೇಜಿನ ಮುಂದೆ ಹೆಡ್‌ಫೋನ್ ಹಾಕಿ ಕೆಲಸ ಮಾಡುವವರು ಕೊನೆಯ ಬಗೆಯನ್ನೇ ಕೇಳಿ ಕೊಳ್ಳಿ.

ಪ್ರಶ್ನೆ: ಪವರ್ ಬ್ಯಾಂಕ್‌ಗೆ ಹಾಕಿದರೆ ಸ್ವಲ್ಪ ಹೊತ್ತಿಗೆ ತಾನೇ ಆಫ್ ಆಗುತ್ತದೆ, ಕೇಸ್ ತುಂಬುವುದಿಲ್ಲ. ಯಾವುದು ಕೆಟ್ಟಿದೆ?

ಯಾವುದೂ ಕೆಟ್ಟಿಲ್ಲ. ಬ್ಯಾಟರಿ ತುಂಬುತ್ತ ಬಂದಂತೆ ಅದು ಎಳೆಯುವ ಕರೆಂಟ್ ಇಳಿಯುತ್ತ ಹೋಗುತ್ತದೆ. ಅದು ಒಂದು ಮಿತಿಗಿಂತ ಕೆಳಗೆ ಬಂದರೆ, ಹಲವು ಪವರ್ ಬ್ಯಾಂಕ್‌ಗಳಲ್ಲಿ ಸುಮಾರು 50ರಿಂದ 100 ಮಿಲಿಆಂಪಿಯರ್, ‘ಯಾರೂ ಜೋಡಿಸಿಲ್ಲ’ ಎಂದುಕೊಂಡು ಪವರ್ ಬ್ಯಾಂಕ್ ನಿಲ್ಲುತ್ತದೆ. ಸಣ್ಣ ಸಾಧನಗಳಿಗೆಂದು ಕಡಿಮೆ-ಕರೆಂಟ್ ವಿಧಾನ ಹಲವದರಲ್ಲಿ ಇರುತ್ತದೆ. ಬಟನ್ ಎರಡು ಸಲ ಒತ್ತುವುದೋ, ಹಿಡಿದು ಒತ್ತುವುದೋ ಕೈಪಿಡಿಯಲ್ಲಿ ನೋಡಿ. ಇಲ್ಲದಿದ್ದರೆ ಅದೇ ಪವರ್ ಬ್ಯಾಂಕ್‌ಗೆ ಫೋನನ್ನೂ ಜೊತೆಗೆ ಹಾಕಿ, ಹೆಚ್ಚಿನವು ಎಚ್ಚರವಾಗಿಯೇ ಉಳಿಯುತ್ತವೆ.

ಪ್ರಶ್ನೆ: ನಮ್ಮ ತಂದೆಯವರಿಗೆ ಪೇಸ್‌ಮೇಕರ್ ಇದೆ. ಅವರು ಇಯರ್‌ಬಡ್ ಬಳಸಬಹುದೇ? ಪ್ಯಾಡ್ ಹತ್ತಿರವಿದ್ದರೆ ಅಪಾಯವೇ?

ಅಂತರ ಕಾಯ್ದುಕೊಂಡರೆ ಬಳಸಬಹುದು. ಬಡ್‌ಗಳಲ್ಲಿ, ಕೇಸ್‌ನ ಮುಚ್ಚಳದಲ್ಲಿ, ಆಯಸ್ಕಾಂತದ ಪ್ಯಾಡ್‌ಗಳಲ್ಲಿ ಬಲವಾದ ಆಯಸ್ಕಾಂತಗಳಿವೆ. ಇಂಥ ವಸ್ತುಗಳನ್ನು ಪೇಸ್‌ಮೇಕರ್‌ನಿಂದ 15 ಸೆಂಟಿಮೀಟರ್‌ಗಿಂತ, ವೈರ್‌ಲೆಸ್ ಚಾರ್ಜ್ ಆಗುತ್ತಿರುವಾಗ 30 ಸೆಂಟಿಮೀಟರ್‌ಗಿಂತ ದೂರ ಇಡಬೇಕೆಂದು ಸಾಧನ ತಯಾರಕರು ಸೂಚಿಸುತ್ತಾರೆ. ಮನೆಯಲ್ಲಿ ಪಾಲಿಸಬೇಕಾದ್ದು ಸರಳ: ಕೇಸ್ ಅಂಗಿಯ ಎದೆಜೇಬಿಗೆ ಯಾವತ್ತೂ ಹೋಗಬಾರದು, ಬಡ್‌ಗಳನ್ನು ಕೊರಳಿಗೆ ದಾರ ಕಟ್ಟಿ ಎದೆಯ ಮೇಲೆ ತೂಗಬಿಡಬಾರದು, ಹಾಸಿಗೆಯ ಮೇಲೆ ಪ್ಯಾಡ್ ಇಡಬಾರದು. ಕೇಬಲ್‌ನಿಂದ ಚಾರ್ಜ್ ಮಾಡಿದರೂ ಕೇಸ್‌ನ ಆಯಸ್ಕಾಂತ ಇದ್ದೇ ಇರುತ್ತದೆ, ಮರೆಯಬೇಡಿ. ತಂದೆಯವರ ಪೇಸ್‌ಮೇಕರ್ ಯಾವುದು, ಅದಕ್ಕೆ ಹೇಳಿದ ಅಂತರ ಎಷ್ಟು ಎಂಬುದನ್ನು ಅವರ ಹೃದ್ರೋಗ ವೈದ್ಯರನ್ನೇ ಕೇಳಿ ಖಚಿತಪಡಿಸಿಕೊಳ್ಳಿ.

ಪ್ರಶ್ನೆ: ಆರು ತಿಂಗಳು ಕಪಾಟಿನಲ್ಲಿಟ್ಟಿದ್ದ ಹೆಡ್‌ಫೋನ್ ಈಗ ಚಾರ್ಜ್‌ಗೆ ಹಾಕಿದರೂ ದೀಪವೇ ಹತ್ತುವುದಿಲ್ಲ.

ಕೂಡಲೇ ಕೈಬಿಡಬೇಡಿ. ಸೆಲ್‌ನ ವೋಲ್ಟೇಜ್ 3ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜಿಂಗ್ ಸರ್ಕ್ಯೂಟ್ ಮಾಮೂಲಿನ ಹತ್ತನೇ ಒಂದು ಭಾಗದಷ್ಟು ಕರೆಂಟ್ ಮಾತ್ರ ಬಿಟ್ಟು ನಿಧಾನವಾಗಿ ಎಬ್ಬಿಸುತ್ತದೆ. ಆ ಹೊತ್ತಿನಲ್ಲಿ ದೀಪ ಹತ್ತದೇ ಇರಬಹುದು. ಗೋಡೆಯ ಚಾರ್ಜರ್‌ಗೆ ಟೈಪ್-ಎ ಕೇಬಲ್ ಹಾಕಿ, ಕಣ್ಣೆದುರಲ್ಲಿಟ್ಟು ಒಂದು ಗಂಟೆ ಬಿಡಿ. ಪ್ಯಾಡ್ ಇದ್ದರೂ ಈ ಕೆಲಸಕ್ಕೆ ಕೇಬಲ್ಲೇ ಸರಿ, ಕರೆಂಟ್ ಕಡಿಯದೆ ಹೋಗುತ್ತದೆ. ಗಂಟೆಯಾದರೂ ಜೀವ ಬಾರದಿದ್ದರೆ ಸೆಲ್ ಆಳಕ್ಕೆ ಇಳಿದಿದೆ. ನೇರವಾಗಿ ತಂತಿ ಹಚ್ಚಿ ಎಬ್ಬಿಸುವ ವಿಡಿಯೊಗಳನ್ನು ನೋಡಿ ಪ್ರಯತ್ನಿಸಬೇಡಿ: ಹೆಚ್ಚು ಕಾಲ ಖಾಲಿ ಇದ್ದ ಸೆಲ್‌ನಲ್ಲಿ ಒಳಗಿನ ತಾಮ್ರ ಕರಗಿ ಬೇರೆಡೆ ಕೂತಿರುತ್ತದೆ, ಚಾರ್ಜ್ ಮಾಡಿದಾಗ ಒಳಗೇ ಶಾರ್ಟ್ ಆಗಬಹುದು.

ಮುಂದೆ ದೀರ್ಘಕಾಲ ಎತ್ತಿಡುವಾಗ ಶೇ 50ರ ಆಸುಪಾಸಿಗೆ ತಂದು, ಪೂರ್ತಿ ಆಫ್ ಮಾಡಿ, ತಂಪಾದ ಒಣ ಜಾಗದಲ್ಲಿಡಿ. ಮೂರು ತಿಂಗಳಿಗೊಮ್ಮೆ ತೆಗೆದು ಮತ್ತೆ ಅದೇ ಮಟ್ಟಕ್ಕೆ ತನ್ನಿ.

ಪ್ರಶ್ನೆ: ಕೇಸ್‌ನ ಮುಚ್ಚಳ ಸರಿಯಾಗಿ ಮುಚ್ಚುತ್ತಿಲ್ಲ, ತಳ ಸ್ವಲ್ಪ ಉಬ್ಬಿದಂತಿದೆ. ಚಾರ್ಜ್ ಮಾತ್ರ ಚೆನ್ನಾಗಿ ಆಗುತ್ತಿದೆ.

ಇವತ್ತೇ ನಿಲ್ಲಿಸಿ. ಸೆಲ್‌ನೊಳಗೆ ಅನಿಲ ತುಂಬಿ ಉಬ್ಬಿದೆ. ಕೇಬಲ್ ಬೇಡ, ಪ್ಯಾಡಂತೂ ಬೇಡವೇ ಬೇಡ. ಒತ್ತಿ ಮುಚ್ಚಲು, ಬಿಚ್ಚಲು, ಚುಚ್ಚಲು ಹೋಗಬೇಡಿ. ಬಡ್‌ಗಳನ್ನು ಹೊರತೆಗೆದು, ಕೇಸ್ ಅನ್ನು ಬೆಂಕಿ ಹಿಡಿಯದ ಮಣ್ಣಿನ ಅಥವಾ ಲೋಹದ ಪಾತ್ರೆಯಲ್ಲಿ, ಬಟ್ಟೆ-ಕಾಗದಗಳಿಂದ ದೂರ ಇಟ್ಟು, ಆದಷ್ಟು ಬೇಗ ಬ್ಯಾಟರಿ ತೆಗೆದುಕೊಳ್ಳುವ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಮನೆಯ ಕಸದ ಬುಟ್ಟಿಗೆ ಹಾಕಿದರೆ ಕಸದ ಗಾಡಿಯಲ್ಲಿ ಜಜ್ಜಿ ಹೊತ್ತಿಕೊಳ್ಳುವ ಸಾಧ್ಯತೆ ಇದೆ. ಬಡ್‌ಗಳು ಸರಿಯಿದ್ದರೆ ಎಸೆಯಬೇಡಿ. ಕೇಸ್ ಒಂದನ್ನೇ ಬಿಡಿಯಾಗಿ ಮಾರುವ ತಯಾರಕರಿದ್ದಾರೆ, ಕೇಳಿ ನೋಡಿ. ಕೊಳ್ಳುವಾಗ ಕೇಸ್‌ನ ತಳದಲ್ಲಿ ಬರೆದಿರುವ ಮಾದರಿ ಸಂಖ್ಯೆ ಅಕ್ಷರಶಃ ಹೊಂದಬೇಕು, ಇಲ್ಲವಾದರೆ ಬಡ್‌ಗಳು ಹೊಸ ಕೇಸ್‌ಗೆ ಜೋಡಿಯಾಗದೇ ಇರಬಹುದು.